ಕವಡೆಯ ನಾಡಿನಲ್ಲಿ ಖಾಝಿ ಇಬ್ನ್ ಬತೂತ



ಯಾರನ್ನಾದರೂ ಹೀಗಳೆಯಬೇಕಾದರೆ ಕನ್ನಡದಲ್ಲಿ ನಾವು ಅವನಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಎನ್ನುತ್ತೇವೆ. ಉರ್ದುವಿನಲ್ಲೂ ಎರಡು ಕೌಡಿಯ ಮನುಷ್ಯ ಎಂಬ ಮಾತಿದೆ. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಮಾತು ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಎದುರಾಗುತ್ತದೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಚೌಕಾಬಾರ ಆಡುವ ಈ ಕವಡೆ ಮೊದಲು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದಳು. ವಿಜಯನಗರದ ಮಾರುಕಟ್ಟೆಯಿಂದ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಇಬ್ನ್ ಬತೂತ ಅವರ ಸಫರ್‌ನಾಮಾ.

ನಮ್ಮ ಪಠ್ಯಪುಸ್ತಕಗಳಲ್ಲಿ ಇಬ್ನ್ ಬತೂತ ಎರಡು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಮೊರಾಕೊ ದೇಶದ ಪ್ರವಾಸಿ, ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಭಾರತಕ್ಕೆ ಬಂದವರು, ಅಷ್ಟೇ. ಅವರು ನಮ್ಮ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಇದ್ದರು, ಅಲ್ಲಿಂದ ಮುಂದೆ ಮಾಲ್ಡೀವ್ಸ್ ಎಂಬ ಪುಟ್ಟ ದ್ವೀಪ ರಾಜ್ಯಕ್ಕೆ ಹೋಗಿ ಖಾಝಿಯಾದರು, ಕೊನೆಗೆ ಅದೇ ರಾಜ್ಯದ ಮೇಲೆ ಸೈನ್ಯ ತರಲು ಹೊರಟರು ಎಂಬ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ದೊಡ್ಡವರ ಬದುಕನ್ನು ಹೊಗಳಿಕೆಯಾಗಿ ಮಾತ್ರ ಓದುವ ಅಭ್ಯಾಸ ನಮ್ಮದು. ಈ ಲೇಖನದಲ್ಲಿ ಸ್ವಲ್ಪ ಬೇರೆ ರೀತಿಯಲ್ಲಿ ಓದೋಣ.

ಅವರ ಹೆಸರು ಅಬೂ ಅಬ್ದುಲ್ಲಾ ಮುಹಮ್ಮದ್. ಮೊರಾಕೊದ ಉತ್ತರ ತುದಿಯಲ್ಲಿರುವ ತಂಜಾ ಪಟ್ಟಣದಲ್ಲಿ 1304ರ ಫೆಬ್ರವರಿಯಲ್ಲಿ ಖಾಝಿಗಳ ಮನೆತನವೊಂದರಲ್ಲಿ ಹುಟ್ಟಿದರು. ಮಾಲಿಕಿ ಫಿಕ್ಹ್ ಅಭ್ಯಾಸ ಮಾಡಿದರು. 1325ರಲ್ಲಿ, 21ನೇ ವಯಸ್ಸಿನಲ್ಲಿ, ತಂದೆ ತಾಯಿಯರನ್ನು ಬಿಟ್ಟು ಒಬ್ಬರೇ ಹಜ್ಜ್ ಯಾತ್ರೆಗೆ ಹೊರಟರು. ಒಂದೂವರೆ ವರ್ಷದಲ್ಲಿ ಮರಳಬಹುದಾಗಿದ್ದವರು ಮರಳಿದ್ದು 1349ರಲ್ಲಿ. ಅಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು.

ಈಜಿಪ್ಟ್, ಸಿರಿಯಾ, ಇರಾಕ್, ಆಫ್ರಿಕಾದ ಪೂರ್ವ ಕರಾವಳಿ, ಮಧ್ಯ ಏಷ್ಯಾ ಇವನ್ನೆಲ್ಲ ಸುತ್ತಿ 1333ರ ಸುಮಾರಿಗೆ ಸಿಂಧೂ ನದಿಯ ದಡಕ್ಕೆ ಬಂದರು. ದೆಹಲಿಯ ಸುಲ್ತಾನರು ಹೊರದೇಶದ ವಿದ್ವಾಂಸರಿಗೆ ಕೈತುಂಬ ಕೊಡುತ್ತಿದ್ದ ಕಾಲ ಅದು. ಫಾರ್ಸಿ ಚೆನ್ನಾಗಿ ಬಾರದ ಈ ಮೊರಾಕೊದವರಿಗೆ ವರ್ಷಕ್ಕೆ 12,000 ದೀನಾರ್ ಸಂಬಳದ ದೆಹಲಿ ಖಾಝಿ ಹುದ್ದೆ ಸಿಕ್ಕಿತು, ಜೊತೆಗೆ ಕೆಲಸ ಮಾಡಲು ಇಬ್ಬರು ಸಹಾಯಕರೂ ಸಿಕ್ಕರು. ಆದರೆ ಆ ಆಸ್ಥಾನದಲ್ಲಿ ಬೆಳಿಗ್ಗೆ ಉಡುಗೊರೆ, ಸಂಜೆ ಶಿರಚ್ಛೇದ. ಸುಲ್ತಾನರ ಕೋಪಕ್ಕೆ ಗುರಿಯಾದ ಒಬ್ಬ ಸೂಫಿ ಶೇಖರನ್ನು ಭೇಟಿಯಾದ ಕಾರಣಕ್ಕೆ ಇಬ್ನ್ ಬತೂತ ಅವರ ಮೇಲೂ ಕಾವಲು ಬಿತ್ತು. ಹೇಗೋ ಜೀವ ಉಳಿಯಿತು. ಆಮೇಲೆ ಅದೇ ಸುಲ್ತಾನರು ಇವರನ್ನು ಕರೆದು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳಿಸಿದರು. ಹೀಗೆ 1340ರ ದಶಕದ ಆರಂಭದಲ್ಲಿ ಅವರು ನಮ್ಮ ಕರಾವಳಿಗೆ ಇಳಿದರು.

ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ನಾವು ಹೊನ್ನಾವರದಲ್ಲಿ ಇಳಿಯುತ್ತೇವೆ. ಶರಾವತಿ ಸಮುದ್ರ ಸೇರುವ ಅಗಲವಾದ ಅಳಿವೆ, ಸೇತುವೆ, ದೋಣಿಗಳು. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಈ ಅಳಿವೆಯನ್ನು ಇಬ್ನ್ ಬತೂತ ಸುಮಾರು 680 ವರ್ಷಗಳ ಹಿಂದೆಯೇ ದಾಖಲಿಸಿದ್ದಾರೆ. ಅರಬ್ಬೀ ಉಚ್ಚಾರದಲ್ಲಿ ಊರಿನ ಹೆಸರು ಹಿನೌರ್ ಆಗಿದೆ. ಆಗ ಅಲ್ಲಿ ಆಳುತ್ತಿದ್ದವರು ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್. ಸ್ವತಂತ್ರ ದೊರೆಯಲ್ಲ, ಒಬ್ಬ ಹಿಂದೂ ರಾಜರಿಗೆ ಅಧೀನರಾಗಿದ್ದವರು. ಆದರೆ ಸಮುದ್ರದ ಮೇಲೆ ಅವರ ಹಡಗುಗಳ ಭಯ ಎಷ್ಟಿತ್ತೆಂದರೆ ಮಲಬಾರಿನವರು ವರ್ಷಕ್ಕಿಷ್ಟು ಎಂದು ಕಪ್ಪ ಕೊಡುತ್ತಿದ್ದರಂತೆ. ಊರಿನವರಿಗೆ ಬೇಸಾಯಕ್ಕಿಂತ ಕಡಲ ವ್ಯಾಪಾರವೇ ಜೀವನ.

ಸುಲ್ತಾನರ ಮನೆಯ ಊಟವನ್ನು ಅವರು ಬಾಯಲ್ಲಿ ನೀರೂರುವಂತೆ ವಿವರಿಸುತ್ತಾರೆ. ತಾಮ್ರದ ತಟ್ಟೆ, ಅದರಲ್ಲಿ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ರೊಟ್ಟಿಯ ಸುಳಿವಿಲ್ಲ! ಗೋಧಿಯ ನಾಡಿನಿಂದ ಬಂದವರಿಗೆ ಇದು ದೊಡ್ಡ ಸಂಕಟವಾಗಿತ್ತು.

ನಮ್ಮ ಸಂಘದ ಸದಸ್ಯರು ಗಮನಿಸಲೇಬೇಕಾದ ಇನ್ನೊಂದು ಲೆಕ್ಕ ಅಲ್ಲಿದೆ. ಆ ಒಂದು ಊರಿನಲ್ಲಿ ಗಂಡು ಮಕ್ಕಳಿಗೆ 23 ಮದ್ರಸಗಳು, ಹೆಣ್ಣು ಮಕ್ಕಳಿಗೆ 13. ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದು ಜಗತ್ತು ಸುತ್ತಿದ ಮನುಷ್ಯ ಬರೆಸಿದ್ದಾರೆ. ಹೆಣ್ಣು ಮಕ್ಕಳ ಶಾಲೆ ನಮಗೆ ಹೊರಗಿನಿಂದ ಬಂದದ್ದು ಎಂದು ವಾದಿಸುವ ಹಿರಿಯರಿಗೆ ನಾನು ಈ ಪುಟವನ್ನು ತೋರಿಸುತ್ತೇನೆ.

ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದಾಗ ಅವರ ಅದೃಷ್ಟ ಮಗುಚಿತು. ಜುಮಾ ನಮಾಝ್‌ಗೆಂದು ಅವರು ದಡದಲ್ಲಿ ಉಳಿದಿದ್ದರು. ಅಷ್ಟರಲ್ಲಿ ಬಿರುಗಾಳಿ ಎದ್ದು, ಚೀನಾಕ್ಕೆ ಒಯ್ಯಬೇಕಿದ್ದ ಉಡುಗೊರೆಗಳಿದ್ದ ಹಡಗು ಒಡೆದುಹೋಯಿತು. ಅವರ ಸ್ವಂತ ಸಾಮಾನಿದ್ದ ಇನ್ನೊಂದು ಹಡಗು ಅವರನ್ನು ಬಿಟ್ಟೇ ಹೊರಟುಹೋಯಿತು. ಉಡುಗೊರೆ ಕಳೆದುಕೊಂಡ ರಾಯಭಾರಿ ದೆಹಲಿಗೆ ಮರಳಿದರೆ ತಲೆ ಉಳಿಯುವ ಭರವಸೆಯಿಲ್ಲ. ಅವರು ಹೊನ್ನಾವರಕ್ಕೇ ಹಿಂದಿರುಗಿದರು. ಸೇವಕರಿಲ್ಲ, ಹಣವಿಲ್ಲ. ದಿನವಿಡೀ ಮಸೀದಿಯಲ್ಲಿ ಕುಳಿತು ಕುರ್‌ಆನ್ ಓದುತ್ತಿದ್ದರು. ನಂತರ ಸುಲ್ತಾನರು ಗೋವೆಯ ಮೇಲೆ 52 ಹಡಗುಗಳ ದಂಡೆತ್ತಿ ಹೋದಾಗ ಇವರೂ ಜೊತೆಯಲ್ಲಿದ್ದರು. ಗೆದ್ದ ಗೋವೆಯೂ ಕೈಯಲ್ಲಿ ನಿಲ್ಲುವ ಸೂಚನೆ ಕಾಣದಾದಾಗ ಅಲ್ಲಿಂದಲೂ ಹೊರಟರು. 1343ರ ಕೊನೆಯ ಹೊತ್ತಿಗೆ ಕಲ್ಲಿಕೋಟೆಯಿಂದ ಮಾಲ್ಡೀವ್ಸ್‌ಗೆ ಹಡಗು ಹತ್ತಿದರು.

ಇನ್ನು ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ.

ಮಾಲ್ಡೀವ್ಸ್ ಅಂದರೆ ಸಮುದ್ರದಲ್ಲಿ ಉಂಗುರ ಉಂಗುರವಾಗಿ ಹರಡಿರುವ ಹವಳದ ದ್ವೀಪಗಳು. ಇಂದಿನ ಎಣಿಕೆಯಲ್ಲಿ ಸುಮಾರು 1,200. ಅವುಗಳಲ್ಲಿ ಜನವಸತಿ ಇರುವುದು 200ಕ್ಕಿಂತ ಕಡಿಮೆ. ಪ್ರತಿ ಉಂಗುರಕ್ಕೂ ಒಂದು ಬಾಗಿಲು. ಸ್ಥಳೀಯನೊಬ್ಬ ದಾರಿ ತೋರಿಸದಿದ್ದರೆ ಹೊರಗಿನ ಹಡಗು ಒಳಗೆ ಬರಲಾಗದು ಎಂದು ಇಬ್ನ್ ಬತೂತ ಬರೆಯುತ್ತಾರೆ. ಕೋಟೆಯಿಲ್ಲದ ಆ ನಾಡಿಗೆ ಅದೇ ಕೋಟೆ. ಜನ ಸಾಧು ಸ್ವಭಾವದವರು, ಯುದ್ಧ ಅರಿಯದವರು, ಪ್ರಾರ್ಥನೆಯೇ ಅವರ ಆಯುಧ. ಹಡಗು ಬಂದರೆ ಸಣ್ಣ ದೋಣಿಗಳಲ್ಲಿ ವೀಳ್ಯದೆಲೆ ಮತ್ತು ಎಳನೀರು ಹಿಡಿದು ಎದುರುಗೊಳ್ಳುತ್ತಿದ್ದರು.

ಆಳುತ್ತಿದ್ದವರು ಒಬ್ಬ ಮಹಿಳೆ, ಸುಲ್ತಾನಾ ಖದೀಜಾ. ಖುತ್ಬಾದಲ್ಲಿ ಅವರ ಹೆಸರೇ ಓದಲ್ಪಡುತ್ತಿತ್ತು. ಆಡಳಿತದ ಹಿಡಿತ ಮಾತ್ರ ಗಂಡ ವಝೀರ್ ಜಮಾಲುದ್ದೀನರ ಕೈಯಲ್ಲಿತ್ತು (ಹೊನ್ನಾವರದ ಸುಲ್ತಾನರ ಹೆಸರೇ, ವ್ಯಕ್ತಿ ಬೇರೆ). ರಾಜಾಜ್ಞೆಗಳನ್ನು ನಮ್ಮ ಹಿಂದಿನವರಂತೆ ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುತ್ತಿದ್ದರು. ಕಾಗದವನ್ನು ಕುರ್‌ಆನ್ ಮತ್ತು ಇಲ್ಮಿನ ಗ್ರಂಥಗಳಿಗಷ್ಟೇ ಬಳಸುತ್ತಿದ್ದರು.

ಇಂಥ ನಾಡು ಬದುಕುವುದು ಹೇಗೆ? ಭತ್ತ ಬೆಳೆಯುವುದಿಲ್ಲ. ಇರುವುದು ತೆಂಗು, ಮೀನು ಮತ್ತು ಕವಡೆ. ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಮೀನು ಭಾರತಕ್ಕೂ ಚೀನಾಕ್ಕೂ ಯೆಮನ್‌ಗೂ ಹೋಗುತ್ತಿತ್ತು. ತೆಂಗಿನ ನಾರಿನ ಹಗ್ಗದಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹಗ್ಗದಲ್ಲಿ ಹೊಲಿದದ್ದು ಬಳುಕಿ ಉಳಿಯುತ್ತದೆ. ಕವಡೆಯನ್ನು ಸಮುದ್ರದಿಂದ ಆಯ್ದು, ಗುಂಡಿಯಲ್ಲಿ ಹೂತು, ಒಳಗಿನ ಮಾಂಸ ಕೊಳೆತ ಮೇಲೆ ಬಿಳಿಯ ಚಿಪ್ಪನ್ನು ತೆಗೆಯುತ್ತಿದ್ದರು. ಬಂಗಾಳದಲ್ಲಿ ಅದೇ ಚಿಲ್ಲರೆ ನಾಣ್ಯವಾಗಿದ್ದರಿಂದ, ಬಂಗಾಳದವರು ಅಕ್ಕಿ ತಂದು ಕವಡೆ ಒಯ್ಯುತ್ತಿದ್ದರು. ಯೆಮನ್‌ನವರು ಹಡಗಿನ ತೂಕ ಸರಿಹೋಗಲು ಮರಳಿನ ಬದಲು ಕವಡೆ ತುಂಬಿಕೊಳ್ಳುತ್ತಿದ್ದರು.

ಈಗ ಲೆಕ್ಕ ನೋಡಿ. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದೀನಾರಿಗೆ 4 ಲಕ್ಷ ಕವಡೆ. ಬೆಲೆ ಇಳಿದಾಗ 12 ಲಕ್ಷದವರೆಗೂ ಸಿಗುತ್ತಿತ್ತು. ಹತ್ತು ವರ್ಷಗಳ ಬಳಿಕ ಇದೇ ಇಬ್ನ್ ಬತೂತ ಸಹಾರಾ ಮರುಭೂಮಿ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದಾಗ ಅದೇ ಕವಡೆ ಅಲ್ಲಿ ಒಂದು ದೀನಾರಿಗೆ 1,150ರಂತೆ ನಡೆಯುತ್ತಿತ್ತು. ದೀನಾರಿನ ತೂಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಹಿಡಿದರೂ ಸುಮಾರು 350 ಪಟ್ಟು ವ್ಯತ್ಯಾಸ! ನಡುವಿನ ಹಣವೆಲ್ಲ ಹಡಗು, ಒಂಟೆ, ಬಂದರು ಇದ್ದವರಿಗೆ ಹೋಯಿತು. ಮಂಡಿಯುದ್ದ ನೀರಿನಲ್ಲಿ ನಿಂತು ಕವಡೆ ಆಯ್ದವರಿಗೆ ಸಿಕ್ಕಿದ್ದು ಹೊಟ್ಟೆಗೆ ಬೇಕಾದ ಅಕ್ಕಿ. ಮುಂದೆ 17, 18ನೇ ಶತಮಾನಗಳಲ್ಲಿ ಡಚ್ಚರೂ ಇಂಗ್ಲಿಷರೂ ಇದೇ ಕವಡೆಯನ್ನು ಹಡಗುಗಟ್ಟಲೆ ಒಯ್ದು ಪಶ್ಚಿಮ ಆಫ್ರಿಕಾದಲ್ಲಿ ಗುಲಾಮರನ್ನು ಕೊಂಡರು. ಕವಡೆ ಕಾಸು ಎಂದು ನಾವು ಹಗುರವಾಗಿ ಆಡುವ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಹಾಗೆಂದು ದ್ವೀಪದವರು ಲೆಕ್ಕ ಅರಿಯದವರೇನಲ್ಲ. ಅಲ್ಲಿ ಬಂದರಿನ ಹಕ್ಕು ಎಂಬ ಒಂದು ಪದ್ಧತಿಯಿತ್ತು. ಬಂದ ಪ್ರತಿ ಹಡಗಿನ ಸರಕಿನಲ್ಲಿ ಒಂದು ಪಾಲನ್ನು ಖಜಾನೆ ತಾನು ನಿಗದಿಪಡಿಸಿದ ಬೆಲೆಗೆ ಕೊಳ್ಳುತ್ತಿತ್ತು, ಸರಕಿನ ಬೆಲೆ ಅಷ್ಟೇ ಇರಲಿ, ಹೆಚ್ಚೇ ಇರಲಿ. ಪ್ರತಿ ದ್ವೀಪದಲ್ಲೂ ಮರದ ಉಗ್ರಾಣವೊಂದಿತ್ತು. ಅಧಿಕಾರಿ ಅಲ್ಲಿ ಸರಕು ಕೂಡಿಟ್ಟು ವಿನಿಮಯ ನಡೆಸುತ್ತಿದ್ದ. ವ್ಯಾಪಾರಿಗಳಿಗೆ ಇದು ಕಿರಿಕಿರಿ. ಆದರೆ ಸೈನ್ಯವಿಲ್ಲದ ನಾಡು ತನ್ನ ಬಾಗಿಲಲ್ಲಿ ತಾನೇ ಬೆಲೆ ಕಟ್ಟುವ ಅಧಿಕಾರವನ್ನು ಉಳಿಸಿಕೊಂಡಿತ್ತು.

ಈ ಅಧಿಕಾರದ ಬೆಲೆ ತಿಳಿಯಬೇಕಾದರೆ ನಮ್ಮ ಮಂಗಳೂರಿನ ಕಡೆಗೇ ನೋಡಬೇಕು. ಮಾಲ್ಡೀವ್ಸ್‌ನ ಉತ್ತರಕ್ಕಿರುವ ಲಕ್ಷದ್ವೀಪದ ಕೆಲವು ದ್ವೀಪಗಳನ್ನು ಅಮೀನ್‌ದಿವಿ ಎಂದು ಕರೆಯುತ್ತಾರೆ. 1787ರಲ್ಲಿ ಅವು ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರ ನಂತರ ಇಂಗ್ಲಿಷರ ಕೈಸೇರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಳಲ್ಪಟ್ಟವು. ಅಲ್ಲೂ ತೆಂಗಿನ ನಾರೇ ಬದುಕು, ಅಲ್ಲೂ ಅಕ್ಕಿ ಹೊರಗಿನದೇ. ಆದರೆ ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ನಾರಿಗೆ ಬದಲಾಗಿ ಎಷ್ಟು ಅಕ್ಕಿ ಎಂಬುದು ತೀರ್ಮಾನವಾಗುತ್ತಿದ್ದುದು ದ್ವೀಪದಲ್ಲಲ್ಲ, ಆಳುವವರ ಕಚೇರಿಯಲ್ಲಿ. ಒಂದೇ ಸಮುದ್ರ, ಒಂದೇ ತೆಂಗು. ಒಂದು ಕಡೆ ಉಗ್ರಾಣದ ಬೀಗ ಸ್ವಂತದವರ ಕೈಯಲ್ಲಿ, ಇನ್ನೊಂದು ಕಡೆ ಪರರ ಕೈಯಲ್ಲಿ. ದ್ವೀಪಗಳ ಸ್ವಾತಂತ್ರ್ಯದ ಬಗ್ಗೆ ಓದುವಾಗ ಧ್ವಜಕ್ಕಿಂತ ಮೊದಲು ಈ ಬೀಗವನ್ನು ನೆನೆಯಬೇಕು ಎಂದು ನನಗೆ ಅನಿಸುತ್ತದೆ.

ಇಬ್ನ್ ಬತೂತ ಮಾಲ್ಡೀವ್ಸ್‌ಗೆ ಬಂದಾಗ ತಾವು ದೆಹಲಿಯ ಖಾಝಿಯಾಗಿದ್ದವರೆಂಬುದನ್ನು ಮುಚ್ಚಿಡಲು ನೋಡಿದರು. ತಿಳಿದರೆ ಹೋಗಲು ಬಿಡುವುದಿಲ್ಲವೆಂಬ ಭಯ. ಹಾಗೆಯೇ ಆಯಿತು. ವಝೀರರು ಮನೆ, ಸೇವಕರು, ಉಡುಗೊರೆಗಳನ್ನು ಕೊಟ್ಟು ಉಳಿಸಿಕೊಂಡರು. ದೊಡ್ಡ ಮನೆತನಗಳಲ್ಲಿ ನಾಲ್ಕು ಮದುವೆಗಳಾದವು. ಅವರು ಖಾಝಿಯೂ ಆದರು. ಜುಮಾ ನಮಾಝ್‌ಗೆ ತಪ್ಪಿಸಿಕೊಂಡವರಿಗೆ ಹೊಡೆಸಿ ಮೆರವಣಿಗೆ ಮಾಡಿಸಿದರು. ಹೆಂಗಸರ ಉಡುಪು ಬದಲಿಸಲು ಆಜ್ಞೆ ಮಾಡಿದರು, ಅದು ಕೈಗೂಡಲಿಲ್ಲ. ನ್ಯಾಯಾಲಯಕ್ಕೆ ಬರುವವರು ಮೈ ಹೊದ್ದು ಬಂದರೇ ಹೊರತು ಬೀದಿಯಲ್ಲಿ ಯಾರೂ ಬದಲಾಗಲಿಲ್ಲ. ಒಮ್ಮೆ ಕಳ್ಳನ ಕೈ ಕತ್ತರಿಸಲು ತೀರ್ಪು ಕೊಟ್ಟಾಗ ಸಭೆಯಲ್ಲಿದ್ದ ದ್ವೀಪದವರು ಹಲವರು ಮೂರ್ಛೆ ಹೋದರು. ಇದನ್ನೆಲ್ಲ ಅವರು ಸಂಕೋಚವಿಲ್ಲದೆ ಬರೆಸಿದ್ದಾರೆ. ಓದುವಾಗ ನನಗೆ ಆ ಸಾಧು ಜನರ ಮುಖಗಳೇ ಕಣ್ಣೆದುರು ಬಂದವು. ಎರಡು ಶತಮಾನಗಳಷ್ಟು ಹಿಂದೆ, 1153ರಲ್ಲಿ, ತಾವಾಗಿಯೇ ಇಸ್ಲಾಂ ಸ್ವೀಕರಿಸಿದ್ದ ನಾಡು ಅದು. ಅವರಿಗೆ ಬೇಕಿದ್ದದ್ದು ಕಲಿಸುವವರು, ಚಾಟಿ ಹಿಡಿದವರಲ್ಲ.

ಪ್ರಭಾವ ಹೆಚ್ಚಿದಂತೆ ವಝೀರರಿಗೆ ಸಂಶಯವೂ ಹೆಚ್ಚಿತು. ಅರಮನೆಯ ಗುಲಾಮನೊಬ್ಬನ ಶಿಕ್ಷೆಯ ವಿಷಯದಲ್ಲಿ ಇಬ್ಬರಿಗೂ ನೇರವಾಗಿ ಜಗಳವಾಯಿತು. ತೀರ್ಪಿನಲ್ಲಿ ಆಳುವವರು ಕೈ ಹಾಕಬಾರದು ಎಂಬ ಖಾಝಿಯ ನಿಲುವು ಆ ಮಟ್ಟಿಗೆ ಸರಿಯೇ. ಇಬ್ನ್ ಬತೂತ ಹುದ್ದೆ ಬಿಟ್ಟು, 1344ರ ಆಗಸ್ಟ್‌ನಲ್ಲಿ ದ್ವೀಪದಿಂದ ಹೊರಟರು.

ಹೊರಡುವ ಮುನ್ನ ಅವರು ಮಾಡಿದ ಕೆಲಸ ನನಗೆ ಇಂದಿಗೂ ನುಂಗಲಾರದ ತುತ್ತು. ವಝೀರರ ಮೇಲೆ ಅಸಮಾಧಾನವಿದ್ದ ದಂಡನಾಯಕ ಮತ್ತು ಇನ್ನೊಬ್ಬ ಮಂತ್ರಿಯ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ತಮಿಳುನಾಡಿನ ಮಧುರೆಯಲ್ಲಿ ಆಳುತ್ತಿದ್ದ ಮಅಬರ್ ಸುಲ್ತಾನ್ ಘಿಯಾಸುದ್ದೀನ್ ಇವರಿಗೆ ಸಂಬಂಧಿ. ದೆಹಲಿಯಲ್ಲಿ ಇವರು ಮದುವೆಯಾಗಿದ್ದ ಹೆಂಡತಿಯ ಸಹೋದರಿ ಆ ಸುಲ್ತಾನರ ಪತ್ನಿ. ಅಲ್ಲಿಂದ ಸೈನ್ಯ ತಂದು ದ್ವೀಪಗಳನ್ನು ಆ ಸುಲ್ತಾನರಿಗೆ ಅಧೀನ ಮಾಡುವುದು, ಹಡಗುಗಳ ಮೇಲೆ ಬಿಳಿ ಬಾವುಟ ಕಂಡೊಡನೆ ದ್ವೀಪದೊಳಗಿನವರು ದಂಗೆ ಏಳುವುದು. ಇದು ಯೋಜನೆ.

ಶ್ರೀಲಂಕಾದಲ್ಲಿ ಆದಂ ಶಿಖರ ನೋಡಿ ಅವರು ಮಧುರೆಯ ಸುಲ್ತಾನರ ಪಾಳೆಯ ಸೇರಿದರು. ಅಲ್ಲಿ ಕಂಡದ್ದೇನು? ಸೆರೆಸಿಕ್ಕ ಹಿಂದೂಗಳನ್ನು, ಅವರ ಹೆಂಗಸರು ಮಕ್ಕಳನ್ನೂ ಬಿಡದೆ ಕೊಲ್ಲಿಸುವ ದೊರೆಯನ್ನು. ಇಂಥ ನೀಚ ಕೆಲಸವನ್ನು ಬೇರಾವ ದೊರೆಯಲ್ಲೂ ಕಂಡಿಲ್ಲವೆಂದು ಅವರೇ ಖಂಡಿಸಿ ಬರೆಸಿದ್ದಾರೆ. ಆದರೂ ಅದೇ ದೊರೆಯ ಮುಂದೆ ದ್ವೀಪಗಳ ವಿಷಯ ಇಟ್ಟರು! ಸುಲ್ತಾನರಿಗೆ ಖುಷಿಯಾಯಿತು. ಖದೀಜಾರ ಸಹೋದರಿಯೊಂದಿಗೆ ತಮ್ಮ ನಿಕಾಹ್ ಮಾಡಿಸುವ ಅಧಿಕಾರವನ್ನೂ ಇವರಿಗೆ ಕೊಟ್ಟರು. ಮೂರು ಹಡಗುಗಳು ಸಿದ್ಧವಾಗತೊಡಗಿದವು.

ದ್ವೀಪವನ್ನು ಉಳಿಸಿದ್ದು ಸಮುದ್ರ. ಇನ್ನು ಮೂರು ತಿಂಗಳು ಆ ಕಡೆಗೆ ಹಡಗು ಹೋಗಲಾಗದು ಎಂದು ನೌಕಾಧಿಪತಿ ಹೇಳಿಬಿಟ್ಟರು. ಆ ಮೂರು ತಿಂಗಳಲ್ಲಿ ಮಧುರೆಯಲ್ಲಿ ಸಾಂಕ್ರಾಮಿಕ ರೋಗ ಹರಡಿತು, ಘಿಯಾಸುದ್ದೀನರೂ ತೀರಿಕೊಂಡರು. ಹೊಸ ಸುಲ್ತಾನರು ಯೋಜನೆ ಮುಂದುವರಿಸಲು ಒಪ್ಪಿದರೂ ಇಬ್ನ್ ಬತೂತ ಸ್ವತಃ ಜ್ವರದಿಂದ ಹಾಸಿಗೆ ಹಿಡಿದು, ಎದ್ದ ಮೇಲೆ ಅಲ್ಲಿಂದ ಹೊರಟೇಬಿಟ್ಟರು.

ಹೊರಗಿನ ಬಲ, ಒಳಗಿನ ಅಸಮಾಧಾನ ಇವೆರಡೂ ಕೂಡಿದಾಗಲೇ ಸಣ್ಣ ದೇಶಕ್ಕೆ ಗಂಡಾಂತರ. ಮಾಲ್ಡೀವ್ಸ್ ಇದನ್ನು ಮತ್ತೆ ಮತ್ತೆ ಕಂಡಿತು. 1558ರಲ್ಲಿ ಪೋರ್ಚುಗೀಸರು ರಾಜಧಾನಿ ಮಾಲೆಯನ್ನು ಹಿಡಿದರು. ಮುಹಮ್ಮದ್ ತಕುರುಫಾನು ಮತ್ತು ಸೋದರರು ರಾತ್ರಿ ಹೊತ್ತು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಬಂದು ಹೋರಾಡಿ 1573ರಲ್ಲಿ ಅವರನ್ನು ಓಡಿಸಿದರು. 1887ರ ಒಪ್ಪಂದದಿಂದ ಬ್ರಿಟಿಷರ ರಕ್ಷಣೆಯ ಹೆಸರಿನಲ್ಲಿ ವಿದೇಶ ವ್ಯವಹಾರ ಕೈತಪ್ಪಿತು. 1965ರ ಜುಲೈ 26ರಂದು ಪೂರ್ಣ ಸ್ವಾತಂತ್ರ್ಯ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ, 1968ರಲ್ಲಿ ಗಣರಾಜ್ಯ. 1988ರ ನವೆಂಬರ್ 3ರಂದು, ಅದೇ ದೇಶದ ಒಬ್ಬ ವ್ಯಾಪಾರಿ ಶ್ರೀಲಂಕಾದಿಂದ ಬಾಡಿಗೆ ಬಂದೂಕುಧಾರಿಗಳನ್ನು ತಂದು ಸರ್ಕಾರ ಉರುಳಿಸಲು ನೋಡಿದರು. 1344ರ ಯೋಜನೆಯ ಅಚ್ಚುಪಡಿ! ಆ ರಾತ್ರಿಯೇ ಭಾರತದ ಸೈನಿಕರು ಆಗ್ರಾದಿಂದ ವಿಮಾನದಲ್ಲಿ ಹೋಗಿ ಅದನ್ನು ತಡೆದರು.

ಕವಡೆಯ ಜಾಗವನ್ನು ಈಗ ಪ್ರವಾಸೋದ್ಯಮ ಹಿಡಿದಿದೆ. 1972ರಲ್ಲಿ ಮೊದಲ ವಿಹಾರಧಾಮ ತೆರೆಯಿತು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು, ಅಲ್ಲಿನ ಜನಸಂಖ್ಯೆ ಮಾತ್ರ ಸುಮಾರು 5 ಲಕ್ಷ. ಅಕ್ಕಿ ಇಂದಿಗೂ ಹೊರಗಿನಿಂದಲೇ ಬರಬೇಕು.

ಮತ್ತೆ ನಮ್ಮ ಪ್ರವಾಸಿಯ ಕಡೆಗೆ ಬರೋಣ. ಮಧುರೆಯಿಂದ ಹೊರಟವರು ಕೊಲ್ಲಂನಲ್ಲಿ ಕೆಲವು ತಿಂಗಳು ಇದ್ದು ಹೊನ್ನಾವರಕ್ಕೆ ಹಡಗು ಹತ್ತಿದರು. ಹೊನ್ನಾವರ ಇನ್ನೇನು ಬಂತು ಎನ್ನುವಾಗ ಬಾರಕೂರಿನ ಆಚೆ ಕಡಲ್ಗಳ್ಳರ ಹನ್ನೆರಡು ಹಡಗುಗಳು ಸುತ್ತುವರಿದವು. ಶ್ರೀಲಂಕಾದ ದೊರೆ ಕೊಟ್ಟ ರತ್ನಗಳು, ಬಟ್ಟೆಗಳು ಎಲ್ಲವೂ ಹೋದವು. ಉಳಿದದ್ದು ತೊಟ್ಟ ಪೈಜಾಮ. ಕಲ್ಲಿಕೋಟೆಯ ಮಸೀದಿಗೆ ಹೋದಾಗ ಯಾರೋ ಬಟ್ಟೆ ಕೊಟ್ಟರು, ಇನ್ಯಾರೋ ಪೇಟ ಕೊಟ್ಟರು. ಅಲ್ಲೇ ಸುದ್ದಿ ತಿಳಿಯಿತು. ವಝೀರ್ ಜಮಾಲುದ್ದೀನ್ ತೀರಿಹೋಗಿದ್ದಾರೆ, ಸುಲ್ತಾನಾ ಮರುಮದುವೆಯಾಗಿದ್ದಾರೆ, ತಾವು ಗರ್ಭಿಣಿಯಾಗಿ ಬಿಟ್ಟುಬಂದಿದ್ದ ಹೆಂಡತಿ ಗಂಡು ಮಗುವನ್ನು ಹೆತ್ತಿದ್ದಾರೆ.

ಮಗನನ್ನು ಕರೆದೊಯ್ಯಬೇಕೆಂದು ಅವರು ಮತ್ತೆ ಮಾಲ್ಡೀವ್ಸ್‌ಗೆ ಹೋದರು. ತಾಯಿ ದೂರು ಕೊಟ್ಟರು. ಆದರೆ ವಝೀರರು ತಂದೆಯ ಹಕ್ಕಿಗೆ ಅಡ್ಡಿ ಮಾಡಲಿಲ್ಲ. ಎರಡು ವರ್ಷದ ಕೂಸು. ಮಗುವನ್ನು ತಂದು ತೋರಿಸಿದರು. ನೋಡಿದ ಮೇಲೆ, ಅವನು ತನ್ನವರ ನಡುವೆ ಇರುವುದೇ ಒಳ್ಳೆಯದು ಎಂದು ತೀರ್ಮಾನಿಸಿ ಹಿಂದಕ್ಕೆ ಕೊಟ್ಟರು. ಐದೇ ದಿನ ಅಲ್ಲಿದ್ದು 43 ದಿನಗಳ ಸಮುದ್ರಯಾನದಲ್ಲಿ ಬಂಗಾಳಕ್ಕೆ ಹೋದರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಂಗಾಳದಿಂದ ಸುಮಾತ್ರಾ, ಚೀನಾ. ಮರಳುವಾಗ ಸಿರಿಯಾ, ಈಜಿಪ್ಟ್‌ಗಳಲ್ಲಿ ದೊಡ್ಡ ಪ್ಲೇಗು. 1349ರಲ್ಲಿ ಮೊರಾಕೊ. ನಂತರ ಅಂದಲೂಸ್, 1352-53ರಲ್ಲಿ ಮಾಲಿ. ಅಲ್ಲಿಂದ ಮರಳಿದ ಮೇಲೆ ಫೆಝ್ ನಗರದಲ್ಲಿ ಸುಲ್ತಾನ್ ಅಬೂ ಇನಾನ್ ಅವರ ಆಜ್ಞೆಯಂತೆ, ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ತಮ್ಮ ಸುಮಾರು 30 ವರ್ಷಗಳ ಪ್ರಯಾಣವನ್ನು ಹೇಳಿ ಬರೆಸಿದರು. ಅದು 1355ರಲ್ಲಿ ಮುಗಿಯಿತು. ಲಕ್ಷ ಕಿಲೋಮೀಟರಿಗೂ ಹೆಚ್ಚು ನಡೆದ, ತೇಲಿದ ಆ ಮನುಷ್ಯ ಕೊನೆಯ ವರ್ಷಗಳನ್ನು ಮೊರಾಕೊದ ಒಂದು ಊರಿನ ಖಾಝಿಯಾಗಿ ಕಳೆದು, 1368-69ರ ಸುಮಾರಿಗೆ ನಿಧನರಾದರು.

ಮಾಲೆಯಲ್ಲಿ ಉಳಿದ ಆ ಹುಡುಗನ ಬಗ್ಗೆ ಗ್ರಂಥದಲ್ಲಿ ಮುಂದೆ ಒಂದು ಸಾಲೂ ಇಲ್ಲ. ತಂದೆ ಮಾಲಿಯ ಪೇಟೆಯಲ್ಲಿ ನಿಂತು ದೀನಾರಿಗೆ 1,150 ಎಂದು ಕವಡೆಯ ಬೆಲೆ ಕೇಳುತ್ತಿದ್ದ ಹೊತ್ತಿಗೆ ಅವನಿಗೆ ಎಂಟೋ ಒಂಬತ್ತೋ ವರ್ಷ. ದ್ವೀಪದ ಉಳಿದ ಮಕ್ಕಳ ಜೊತೆ ಅವನೂ ದಡದ ನೀರಿಗಿಳಿದು ಕವಡೆ ಆಯುತ್ತಿದ್ದಿರಬಹುದು.